ಮಡ್ಗಾರ್ಡ್ ಮತ್ತು ಒಂದು ಬೆರಳಿನ ಸಂದು

1982ರ ಜೂನ್ ತಿಂಗಳಲ್ಲಿ ಬ್ಯಾಂಕಿನ ನೌಕರಿ ಸಿಕ್ಕು ಪುಣೆಗೆ ಬಂದೆ. ಕೈಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಧಾರವಾಡದಲ್ಲಿ ಮಾಡಿದ ಎಂ.ಕಾಂ. ಅಷ್ಟೇ ಆಸ್ತಿ. ಮೊದಲ ದಿನ ಶಾಖೆಗೆ ನಡೆದುಕೊಂಡೇ ಹೋದೆ. ಮಳೆ ಜೋರಾಗಿತ್ತು. ಮೊಣಕಾಲಿನವರೆಗೆ ಪ್ಯಾಂಟು ಕೆಸರಾಗಿ, ಮ್ಯಾನೇಜರರ ಎದುರು ಒಂದು ಕಾಲಿನ ಹಿಂದೆ ಇನ್ನೊಂದು ಕಾಲು ಮುಚ್ಚಿಕೊಂಡು ನಿಂತಿದ್ದೆ. ಅದೇ ಹೊತ್ತಿಗೆ ನಮ್ಮ ಹೆಡ್ ಕ್ಯಾಶಿಯರ್ ಸೈಕಲ್ ಮೇಲೆ ಬಂದು ಇಳಿದರು. ಐವತ್ತು ದಾಟಿದ ಮನುಷ್ಯ, ಮೈಮೇಲೆ ರೇನ್‌ಕೋಟು, ಕಾಲಲ್ಲಿ ಬಿಳಿ ಪೈಜಾಮ. ಆ ಪೈಜಾಮದ ಮೇಲೆ ಒಂದು ಹನಿ ಕೆಸರಿಲ್ಲ! ಸಂಜೆ ಸೈಕಲ್ ಸ್ಟ್ಯಾಂಡಿಗೆ ಹೋಗಿ ಅವರ ಗಾಡಿ ನೋಡಿದೆ. ಮುಂದಿನ ಮಡ್ಗಾರ್ಡಿನ ತುದಿಗೆ ಹಳೆಯ ಚರ್ಮದ ಒಂದು ಪಟ್ಟಿ ಹೊಲಿಸಿದ್ದರು. ಅದು ನೆಲಕ್ಕೆ ನಾಲ್ಕು ಬೆರಳಷ್ಟೇ ಮೇಲಿತ್ತು. ಮುಂದಿನ ತಿಂಗಳ ಸಂಬಳದಲ್ಲಿ ನಾನು ಕೊಂಡ ಮೊದಲ ವಸ್ತು ಸೆಕೆಂಡ್ ಹ್ಯಾಂಡ್ ಸೈಕಲ್ಲು, ಎರಡನೆಯದು ಚಮ್ಮಾರನಿಂದ ಅಂಥದೇ ಒಂದು ಪಟ್ಟಿ.

ಆಗಿನ ಪುಣೆ ಸೈಕಲ್ಲಿನ ಊರು. ಬೆಳಿಗ್ಗೆ ಖಡಕಿಯ ಮದ್ದುಗುಂಡು ಕಾರ್ಖಾನೆಯ ಕಡೆಗೆ, ಪಿಂಪ್ರಿಯ ಕಡೆಗೆ ಸೈಕಲ್ಲುಗಳ ಪ್ರವಾಹವೇ ಹರಿಯುತ್ತಿತ್ತು. ಲಕಡಿ ಪೂಲಿನ ಮೇಲೆ ನಿಂತರೆ ಬೆಲ್ಲಿನ ಸದ್ದು ಬಿಟ್ಟು ಬೇರೆ ಕೇಳುತ್ತಿರಲಿಲ್ಲ. ಭಾಷೆ ಸರಿಯಾಗಿ ಬಾರದ, ಗುರುತಿನವರಿಲ್ಲದ ಊರಿನಲ್ಲಿ ಆ ಗುಂಪಿನೊಳಗೆ ಸೇರಿ ಪೆಡಲ್ ತುಳಿಯುವಾಗ ಮಾತ್ರ ನಾನು ಪರಊರಿನವನು ಅನ್ನಿಸುತ್ತಿರಲಿಲ್ಲ. ಯಾಕೆಂದರೆ ನನ್ನ ಕೆಳಗಿದ್ದದ್ದು ನಮ್ಮಪ್ಪನ ಸೈಕಲ್ಲೇ. ಅಂದರೆ ಅದೇ ಮಾದರಿಯದು. ಕಪ್ಪು ಬಣ್ಣ, ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿದ ಹ್ಯಾಂಡಲ್ಲು, ಕೇಬಲ್ಲಿನ ಬದಲು ಕಂಬಿಯ ಬ್ರೇಕು, ಅಗಲವಾದ ಮಡ್ಗಾರ್ಡು.

ಊರಿನ ಓದುಗರಿಗೆ ಮಡ್ಗಾರ್ಡಿನ ಬಗ್ಗೆ ಇಷ್ಟೆಲ್ಲ ಹೇಳುವುದೇನಿದೆ ಅನ್ನಿಸಬಹುದು. ಇದೆ. ಸೈಕಲ್ಲಿನ ಟೈರಿಗೂ ಅದರ ಸುತ್ತಲಿನ ಕಬ್ಬಿಣಕ್ಕೂ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವುದರ ಮೇಲೆ ನೂರಾ ಮೂವತ್ತು ವರ್ಷದ ಜಗಳ ನಡೆದಿದೆ. ಆ ಸಂದು ನೋಡಿದರೆ ಸೈಕಲ್ಲು ಯಾರಿಗಾಗಿ ಮಾಡಿದ್ದು ಅಂತ ಹೇಳಿಬಿಡಬಹುದು. ನನಗೆ ಇದು ಗೊತ್ತಾದದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ರಾತ್ರಿ ಒಂದು ಗಂಟೆಗೆ, ಕಾತ್ರಜ್ ಘಾಟಿನ ಇಳಿಜಾರಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಅಣ್ಣಿಗೇರಿ ಕಡೆಯ ಎರೆ ಭೂಮಿ. ಎರೆಮಣ್ಣು ಕಂಡವರಿಗೇ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಎರಡು ಮಳೆ ಬಿದ್ದರೆ ಅಂಟು. ಚಪ್ಪಲಿ ಹಾಕಿ ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು. ನಮ್ಮಪ್ಪ ಪಕ್ಕದ ಹಳ್ಳಿಯ ಸಾಲಿ ಮಾಸ್ತರರು. 1964ರಲ್ಲಿ ಹುಬ್ಬಳ್ಳಿಗೆ ಹೋಗಿ ಎರಡು ತಿಂಗಳ ಸಂಬಳ ಸುರಿದು ಹರ್ಕ್ಯುಲಿಸ್ ಸೈಕಲ್ ತಂದಿದ್ದರು. ದಸರಾದಲ್ಲಿ ಅದಕ್ಕೂ ಬನ್ನಿ, ಕುಂಕುಮ. ರೋಹಿಣಿ ಮಳಿ ಹನಿಯುವುದೇ ತಡ, ಅಪ್ಪ ಪಾನಾ ಹಿಡಿದು ಕೂತು ಎರಡೂ ಮಡ್ಗಾರ್ಡ್ ಬಿಚ್ಚಿ ಅಟ್ಟದ ಮೇಲೆ ಇಡುತ್ತಿದ್ದರು. ಮಳೆಗಾಲದಲ್ಲಿ ಬೇಕಾದದ್ದನ್ನೇ ಮಳೆಗಾಲದಲ್ಲಿ ಬಿಚ್ಚುವುದು! ನನಗೆ ಇದು ಒಗಟಿನ ಹಾಗೆ ಕಾಣುತ್ತಿತ್ತು. ಕೇಳಿದರೆ, "ಗಾಲಿಗೂ ಉಸಿರಾಡಾಕ ಜಾಗಾ ಬೇಕಪಾ" ಅನ್ನುತ್ತಿದ್ದರು. ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಮಡ್ಗಾರ್ಡಿನ ಒಳಗೆ ತುಂಬಿದರೆ ಗಾಲಿ ನಿಂತೇ ಹೋಗುತ್ತದೆ. ಎಳೆದರೂ ಬರುವುದಿಲ್ಲ, ದೂಡಿದರೂ ಹೋಗುವುದಿಲ್ಲ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿದ ಮಾಸ್ತರರು ನಮ್ಮ ಕಡೆ ಬೇಕಾದಷ್ಟು ಜನ. ಅಪ್ಪನ ಕ್ಯಾರಿಯರಿಗೆ ಯಾವಾಗಲೂ ಒಂದು ಗೇಣು ಉದ್ದದ ಜಾಲಿ ಕಟ್ಟಿಗೆ ಸಿಕ್ಕಿಸಿರುತ್ತಿತ್ತು, ಮಣ್ಣು ಕೆರೆಯಲಿಕ್ಕೆ.

ಈ ಕಪ್ಪು ಸೈಕಲ್ಲು ಹುಟ್ಟಿದ್ದು ನಮ್ಮಲ್ಲಲ್ಲ. ಎರಡು ಗಾಲಿ ಸಮನಾಗಿದ್ದು ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾರುಕಟ್ಟೆಗೆ ತಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ. ಅದಾದ ಮೇಲೆ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಕಾರ್ಖಾನೆಗಳು ಬಿಎಸ್‌ಎ, ರ್‍ಯಾಲಿ, ಹರ್ಕ್ಯುಲಿಸ್, ಫಿಲಿಪ್ಸ್ ಹೆಸರಿನಲ್ಲಿ ಲಕ್ಷಾಂತರ ಸೈಕಲ್ಲುಗಳನ್ನು ಸಾಮ್ರಾಜ್ಯದ ಮೂಲೆಮೂಲೆಗೆ ಕಳಿಸಿದವು. ಡಾಂಬರಿಲ್ಲದ ರಸ್ತೆಗೆ, ಮಳೆಗೆ, ಹೊರೆಗೆ ಅಂತಲೇ ಮಾಡಿದ ಗಾಡಿ ಅದು. ಟೈರಿನ ಅಳತೆ 28 ಇಂಚು, ಒಂದೂವರೆ ಇಂಚು. ಈಗಿನ ಲೆಕ್ಕದಲ್ಲಿ 40 ಮಿಲಿಮೀಟರ್ ಅಗಲ, ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ.

ಸ್ವಾತಂತ್ರ್ಯ ಬಂದ ಮೇಲೆ ಇದೇ ಗಾಡಿ ನಮ್ಮಲ್ಲೇ ತಯಾರಾಗತೊಡಗಿತು. ಮದರಾಸಿನ ಹತ್ತಿರ ಅಂಬತ್ತೂರಿನ ಟಿಐ ಸೈಕಲ್ಸ್ 1949ರದು, ಸೋನಿಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಅಸನ್‌ಸೋಲಿನಲ್ಲಿ ಸೇನ್-ರ್‍ಯಾಲಿ ಇತ್ತು. ಹೆಸರು ನಾಲ್ಕಾದರೂ ಸೈಕಲ್ಲು ಒಂದೇ. ಒಂದರ ಪೆಡಲ್ ಇನ್ನೊಂದಕ್ಕೆ ಕೂರುತ್ತಿತ್ತು. ಹಾಗಾಗಿಯೇ ಅಣ್ಣಿಗೇರಿಯ ಸೈಕಲ್ ಅಂಗಡಿಯವನಿಗೂ ಪುಣೆಯ ಸದಾಶಿವ ಪೇಠೆಯ ಅಂಗಡಿಯವನಿಗೂ ಗೊತ್ತಿದ್ದ ವಿದ್ಯೆ ಒಂದೇ ಆಗಿತ್ತು.

ಆ ಕಂಬಿ ಬ್ರೇಕಿನ ಬಗ್ಗೆ ಎರಡು ಮಾತು ಹೇಳಬೇಕು. ಹಿಡಿ ಒತ್ತಿದರೆ ಕಂಬಿಗಳು ಕುದುರೆ ಲಾಳದ ಆಕಾರದ ಒಂದು ಕಬ್ಬಿಣವನ್ನು ಮೇಲಕ್ಕೆ ಎಳೆಯುತ್ತವೆ. ಅದರ ಎರಡು ತುದಿಗಿರುವ ರಬ್ಬರು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳ ಕಡೆಯ ಮೈಗೆ ಒತ್ತುತ್ತದೆ. ಟೈರನ್ನು ಬದಿಯಿಂದ ಅಪ್ಪಿ ಹಿಡಿಯುವ ಬಿಗಿ ತೋಳುಗಳಿಲ್ಲ. ಆದ್ದರಿಂದ ದಪ್ಪ ಟೈರು, ಅದರ ಮೇಲೆ ಅಗಲ ಮಡ್ಗಾರ್ಡು, ನಡುವೆ ಒಂದು ಬೆರಳು ಸಂದು, ಎಲ್ಲಕ್ಕೂ ಜಾಗ. ಗಾಲಿ ಸ್ವಲ್ಪ ಔಟಾಗಿದ್ದರೂ ಬ್ರೇಕು ಮುನಿಸಿಕೊಳ್ಳುವುದಿಲ್ಲ. ಆದರೆ ಮಳೆಯಲ್ಲಿ? ಕ್ರೋಮ್ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ದೇವರೇ ಗತಿ. ರಬ್ಬರು ಜಾರುತ್ತದೆ. ಮಳೆಗಾಲದಲ್ಲಿ ಪುಣೆಯವರು ಇಪ್ಪತ್ತು ಮಾರು ಮೊದಲೇ ಬ್ರೇಕ್ ಒತ್ತಿ, ಬೆಲ್ ಹೊಡೆಯುತ್ತಾ, ಬಾಯಲ್ಲೂ ಕೂಗುತ್ತಾ ಬರುತ್ತಿದ್ದರು. ಹೋಗುವ ವೇಗ ಕಡಿಮೆ, ಹಾಗಾಗಿ ನಡೆದುಹೋಗುತ್ತಿತ್ತು.

ಆಮೇಲೆ ಪುಣೆ ಬದಲಾಯಿತು. ಕೈನೆಟಿಕ್‌ನವರ ಲೂನಾ 1972ರಲ್ಲೇ ಇದೇ ಊರಲ್ಲಿ ಹುಟ್ಟಿತ್ತು, ಆಕುರ್ಡಿಯಲ್ಲಿ ಬಜಾಜ್ ಸ್ಕೂಟರು. ನಾನು ಬಂದ ಹತ್ತು ವರ್ಷಕ್ಕೆ ಬ್ಯಾಂಕಿನ ಸೈಕಲ್ ಸ್ಟ್ಯಾಂಡಿಗೆ 'ಪಾರ್ಕಿಂಗ್' ಅಂತ ಹೆಸರಾಯಿತು. ನನಗೂ ಪ್ರಮೋಷನ್, ಸ್ಕೂಟರ್ ಲೋನು, ಆಮೇಲೆ ಕಾರು. ಸೈಕಲ್ಲನ್ನು ಪೇಪರ್ ಹಾಕುವ ಹುಡುಗನಿಗೆ ಕೊಟ್ಟೆ. ಸೊಲ್ಲಾಪುರ, ನಾಗಪುರ ಸುತ್ತಿ ಮತ್ತೆ ಪುಣೆಗೆ ಬರುವಷ್ಟರಲ್ಲಿ ನನ್ನ ಹೊಟ್ಟೆ ಬಂದಿತ್ತು, ಸಕ್ಕರೆ ಬಂದಿತ್ತು, ಡಾಕ್ಟರು ದಿನಾ ಒಂದು ಗಂಟೆ ಏನಾದರೂ ಮಾಡಿ ಅಂದಿದ್ದರು.

ಅಷ್ಟರಲ್ಲಿ ಸೈಕಲ್ಲು ಬೇರೆ ವೇಷದಲ್ಲಿ ಪುಣೆಗೆ ವಾಪಸು ಬಂದಿತ್ತು. ಹಿಂಜೆವಾಡಿಯ ಐಟಿ ಹುಡುಗರು ಬಗ್ಗಿದ ಹ್ಯಾಂಡಲ್ಲಿನ, ಬೆರಳಿನಷ್ಟು ತೆಳು ಟೈರಿನ, ಹತ್ತಾರು ಗೇರಿನ ವಿದೇಶಿ ಸೈಕಲ್ಲುಗಳಲ್ಲಿ ಭಾನುವಾರ ಸಿಂಹಗಡ ಹತ್ತುತ್ತಿದ್ದರು. ಜೊತೆಗೆ 'ಬ್ರೆವೆ' ಅನ್ನುವ ಹೊಸ ಶಬ್ದ. ಅದು ಸ್ಪರ್ಧೆಯಲ್ಲ. ಗೊತ್ತುಪಡಿಸಿದ ದೂರವನ್ನು ಗೊತ್ತುಪಡಿಸಿದ ಸಮಯದೊಳಗೆ, ಯಾರ ಸಹಾಯವೂ ಇಲ್ಲದೆ ಮುಗಿಸಬೇಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಮೊದಲಿಗೆ ಬಂದರೂ ಕೊನೆಗೆ ಬಂದರೂ ಅದೇ ಮಾನ. ಜೀವನವಿಡೀ ಡ್ಯೂ ಡೇಟ್ ನೋಡಿದವನಿಗೆ ಈ ಲೆಕ್ಕ ಬಹಳ ಹಿಡಿಸಿತು. ಇನ್ನೂ ಒಂದು ಗುಟ್ಟಿನ ಆಸೆಯಿತ್ತು. ಪುಣೆಯಿಂದ ಧಾರವಾಡಕ್ಕೆ 400 ಕಿ.ಮೀ. ಮೇಲೆ ಸ್ವಲ್ಪ. ಅಂದರೆ 400ರ ಬ್ರೆವೆ ಮಾಡಿದವನು ಊರಿಗೆ ಸೈಕಲ್ ಮೇಲೆ ಹೋಗಬಲ್ಲ!

2012ರಲ್ಲಿ ಸೈಕಲ್ ಕೊಂಡೆ. ಅಂಗಡಿಯ ಹೆಸರು ಬೇಡ. ಅಲ್ಲಿಯ ಹುಡುಗ ಬಹಳ ವಿನಯದಿಂದ, "ಕಾಕಾ, ಇದು ನೋಡಿ, ಎಂಟೂವರೆ ಕಿಲೋ" ಅಂತ ಒಂದು ಬೆರಳಲ್ಲಿ ಎತ್ತಿ ತೋರಿಸಿದ. ಮಡ್ಗಾರ್ಡ್ ಎಲ್ಲಿ ಅಂತ ಕೇಳಿದೆ. "ಇದಕ್ಕೆ ಮಡ್ಗಾರ್ಡ್ ಬರುವುದಿಲ್ಲ ಕಾಕಾ, ಹಾಕಿದರೆ ಲುಕ್ ಹೋಗುತ್ತದೆ" ಅಂದ. ಬಗ್ಗಿ ನೋಡಿದೆ. ಟೈರಿಗೂ ಮೇಲಿನ ಬ್ರೇಕಿಗೂ ನಡುವೆ ಒಂದು ಪಾಸ್‌ಬುಕ್ ತೂರಿದರೆ ಹೆಚ್ಚು. ಅಪ್ಪನ ಮಾತು ಆಗ ನೆನಪಾಗಬೇಕಿತ್ತು. ಆಗಲಿಲ್ಲ. ಕಾರ್ಡ್ ಉಜ್ಜಿದೆ.

ಆ ವರ್ಷದ ಜುಲೈನಲ್ಲಿ 300ರ ಬ್ರೆವೆ. ಬೆಳಿಗ್ಗೆ ಆರಕ್ಕೆ ಪುಣೆ ಬಿಟ್ಟು, ಖಂಬಾಟ್ಕಿ ಘಾಟು ಹತ್ತಿ, ಸಾತಾರಾ ದಾಟಿ ಉಂಬ್ರಜ್ ಹತ್ತಿರ ತಿರುಗಿ ಬರುವುದು. ರಾತ್ರಿ ಎರಡರೊಳಗೆ ಮುಗಿಸಬೇಕು. ಹೋಗುವಾಗ ಎಲ್ಲ ಸರಿ. ಬರುವಾಗ ಮಳೆ ಹಿಡಿಯಿತು. ಆಗ ಪುಣೆ–ಸಾತಾರಾ ಹೆದ್ದಾರಿಗೆ ಆರು ಪಥ ಮಾಡುವ ಕೆಲಸ ನಡೆದಿತ್ತು. ಶಿರವಳ ದಾಟಿದ ಮೇಲೆ ಹಾದಿ ಬದಲಿಸಿದ ಕಡೆ ಡಾಂಬರೇ ಇಲ್ಲ, ಬರೀ ಕಪ್ಪು ಕೆಸರು. ನೂರು ಗಜ ಹೋಗುವಷ್ಟರಲ್ಲಿ ಮುಂದಿನ ಗಾಲಿ ಗಕ್ಕನೆ ನಿಂತಿತು. ನಾನು ಪಕ್ಕಕ್ಕೆ ಬಿದ್ದೆ. ಕೆಸರಲ್ಲಿ ಬಿದ್ದದ್ದರಿಂದ ಪೆಟ್ಟಾಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಆ ಪಾಸ್‌ಬುಕ್ಕಿನ ಸಂದಿನೊಳಗೆ ಮಣ್ಣು ಇಟ್ಟಿಗೆಯ ಹಾಗೆ ಜಡಿದು ಕೂತಿತ್ತು. ಕೆರೆಯಲಿಕ್ಕೆ ಕಟ್ಟಿಗೆಯಿಲ್ಲ. ಜೇಬಿನ ಬಾಲ್ ಪೆನ್ನು ತೆಗೆದು ಕೆರೆದೆ, ಅದು ಮುರಿಯಿತು. ಮನೆ ಕೀಲಿಯಿಂದ ಕೆರೆದೆ. ಹೀಗೆ ಮೂರು ಸಲ. ನಲವತ್ತು ವರ್ಷ ಹಿಂದೆ ಹಳ್ಳದ ದಂಡೆಯಲ್ಲಿ ಬಗ್ಗಿ ಕೆರೆಯುತ್ತಿದ್ದ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತು.

ನಿಜವಾದ ಭಯ ಮುಂದೆ ಕಾದಿತ್ತು. ಹಳೆಯ ಕಾತ್ರಜ್ ಸುರಂಗ ದಾಟಿ ಊರಿನ ಕಡೆ ಇಳಿಯತೊಡಗಿದಾಗ ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ತಾಗುವವರೆಗೂ ಬಂತು. ಗಾಲಿಯಿಂದ ಚಾಕು ಸಾಣೆ ಹಿಡಿಯುವ ಸದ್ದು. ರಬ್ಬರು ಸವೆದು ಒಳಗಿನ ಲೋಹ ರಿಮ್ಮಿಗೆ ಉಜ್ಜುತ್ತಿತ್ತು. ಹೊಚ್ಚ ಹೊಸ ಬ್ರೇಕ್ ರಬ್ಬರು ಒಂದೇ ಮಳೆಯಲ್ಲಿ ಮುಗಿದುಹೋಗಿತ್ತು, ಯಾಕೆಂದರೆ ರಸ್ತೆಯ ಮರಳೆಲ್ಲ ಯಾವ ತಡೆಯೂ ಇಲ್ಲದೆ ರಿಮ್ಮಿನ ಮೇಲೆ ಎರಚಿ ಅರೆಯುವ ಕಲ್ಲಿನ ಕೆಲಸ ಮಾಡಿತ್ತು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಿತ್ತು. ಬೂಟುಗಾಲು ನೆಲಕ್ಕೆ ಒತ್ತಿದೆ, ಆಗಲಿಲ್ಲ. ರಸ್ತೆ ಬದಿಗೆ ಯಾರೋ ಪುಣ್ಯಾತ್ಮರು ಮನೆ ಕಟ್ಟಲು ಮರಳು ಸುರಿದಿದ್ದರು, ಅದರೊಳಗೆ ನುಗ್ಗಿಸಿಬಿಟ್ಟೆ. ಮೊಣಕೈ ತರಚಿತು, ಕನ್ನಡಕ ಹೋಯಿತು, ಜೀವ ಉಳಿಯಿತು. ಅಲ್ಲಿಂದ ನಡೆದು, ಸಮತಟ್ಟಿನಲ್ಲಿ ತುಳಿದು, ಮುಟ್ಟಿದಾಗ ಮೂರು ಗಂಟೆ ಹತ್ತು ನಿಮಿಷ. ಹೆಸರು ಪಟ್ಟಿಯಿಂದ ಹೊರಗೆ.

ಮನೆಯಲ್ಲಿ ಅರಿಶಿನ ಹಚ್ಚುತ್ತಾ ನನ್ನಾಕೆ ಒಂದೇ ಮಾತು ಕೇಳಿದಳು. "ಬ್ಯಾಂಕಿನಾಗ ಸಾಲಾ ಕೊಡೂ ಮುಂದ ಮೂರ್ ಮೂರ್ ಸಲ ಕಾಗದಾ ನೋಡ್ತೀರಿ. ಇದನ್ನ ತಗೊಳ್ಳೂ ಮುಂದ ಯಾಕ ನೋಡಲಿಲ್ಲ?" ಉತ್ತರ ಇರಲಿಲ್ಲ. ಆಗಿನಿಂದ ನೋಡಲು ಕೂತೆ. ಪುಸ್ತಕ, ಹಳೆಯ ಕ್ಯಾಟಲಾಗು, ಕರ್ವೆ ನಗರದಲ್ಲಿ ಆಮೇಲೆ ತೆರೆದ ಸೈಕಲ್ ಮ್ಯೂಸಿಯಂ, ಎಲ್ಲ ಕಡೆ ನನ್ನ ಕಣ್ಣು ಹೋದದ್ದು ಆ ಸಂದಿಗೇ.

ಕಥೆ ಶುರುವಾಗುವುದು ಫ್ರಾನ್ಸಿನಲ್ಲಿ. 1891ರಲ್ಲಿ ಒಂದು ಪ್ಯಾರಿಸ್ ಪತ್ರಿಕೆಯ ಸಂಪಾದಕ ಪಿಯರ್ ಜಿಫಾರ್ ಎಂಬಾತ ಪ್ಯಾರಿಸ್‌ನಿಂದ ಸಮುದ್ರ ದಂಡೆಯ ಬ್ರೆಸ್ಟ್‌ಗೆ ಹೋಗಿ ಬರುವ ಸುಮಾರು 1200 ಕಿ.ಮೀ. ಪಂದ್ಯ ಏರ್ಪಡಿಸಿದ. ಗೆದ್ದವನು ಶಾರ್ಲ್ ತೆರೋಂ, 71 ಗಂಟೆ ಚಿಲ್ಲರೆಯಲ್ಲಿ, ನಿದ್ದೆಯಿಲ್ಲದೆ. ಅವನ ಗಾಲಿಗಿದ್ದದ್ದು ಮಿಶೆಲಿನ್ ಕಂಪನಿಯ ಬಿಚ್ಚಿ ಹಾಕಬಹುದಾದ ಹೊಸ ಗಾಳಿ ಟೈರು. ಅಲ್ಲಿಂದ ಎರಡು ದಾರಿ ಒಡೆದವು. ಒಂದು ಪಂದ್ಯದ ದಾರಿ. 1903ರಲ್ಲಿ ಆಂರಿ ದೆಗ್ರಾಂಜ್ ಟೂರ್ ದ ಫ್ರಾನ್ಸ್ ಶುರುಮಾಡಿದ. ಪಂದ್ಯದವನಿಗೆ ತೂಕ ಮುಖ್ಯ. ಮೈ ಕೆಸರಾದರೆ ಸಂಜೆ ತೊಳೆಯುವವರಿದ್ದಾರೆ. ಬರಬರುತ್ತಾ ಕೆಟ್ಟರೆ ಕೊಡಲು ಬೇರೆ ಗಾಲಿ, ಹಿಂದೆ ಗಾಡಿ, ಎಲ್ಲ ಬಂತು. ಅವನ ಸೈಕಲ್ಲಿನಿಂದ ಮಡ್ಗಾರ್ಡ್ ಹೋಯಿತು, ಟೈರು ತೆಳ್ಳಗಾಯಿತು, ಸಂದು ಮುಚ್ಚಿತು.

ಇನ್ನೊಂದು ದಾರಿ ಸಂತ ಎತಿಯೆನ್ ಊರಿನ ಒಬ್ಬ ರೇಷ್ಮೆ ವ್ಯಾಪಾರಿಯದು. ಹೆಸರು ಪಾಲ್ ದ ವಿವಿ, ಬರೆಯುತ್ತಿದ್ದದ್ದು 'ವೆಲೋಸಿಯೊ' ಎಂಬ ಹೆಸರಿನಲ್ಲಿ. 1887ರಿಂದ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ನಡೆಸಿದ. ಗುಡ್ಡಗಾಡಿನಲ್ಲಿ ನೂರಾರು ಮೈಲಿ ಹೋಗುವ ಸಾಮಾನ್ಯ ಮನುಷ್ಯನಿಗೆ ಗೇರು ಬೇಕು, ಅಗಲ ಟೈರು ಬೇಕು ಅಂತ ಜೀವನವಿಡೀ ವಾದಿಸಿದ. ದೆಗ್ರಾಂಜನಿಗೆ ಇದು ಹಿಡಿಸಲಿಲ್ಲ. ಗೇರು ಏನಿದ್ದರೂ ನಲವತ್ತೈದು ದಾಟಿದವರಿಗೆ ಎಂಬ ಅರ್ಥದಲ್ಲಿ ಬರೆದ. ಅವನ ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ನಲವತ್ತೈದು ದಾಟಿ ಎಂಟು ವರ್ಷವಾಗಿದ್ದ ನನಗೆ ಈ ಜಗಳ ಓದಿ ವೆಲೋಸಿಯೊ ನಮ್ಮ ಮನೆಯವನೇ ಅನ್ನಿಸಿತು. 1930ರಲ್ಲಿ ಪಾಪ, ಟ್ರಾಮಿಗೆ ಸಿಕ್ಕಿ ತೀರಿಕೊಂಡ.

ವೆಲೋಸಿಯೊನ ದಾರಿ ಹಿಡಿದವರನ್ನೇ ರಾಂದೊನರ್ ಅನ್ನುವುದು. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬು 1921ರಿಂದ ಇಂದಿನ ರೀತಿಯ ಬ್ರೆವೆ ನಡೆಸತೊಡಗಿತು. 1930–40ರ ದಶಕಗಳಲ್ಲಿ ಅಲ್ಲಿ ಸೈಕಲ್ ತಯಾರಕರಿಗೇ ಪರೀಕ್ಷೆಯಿರುತ್ತಿತ್ತು. ಮಡ್ಗಾರ್ಡು, ದೀಪ, ಗೇರು ಎಲ್ಲ ಇರುವ ಸೈಕಲ್ಲನ್ನು ಹಗುರಾಗಿ ಮಾಡಿ, ಕೆಟ್ಟ ರಸ್ತೆಯಲ್ಲಿ ನೂರಾರು ಕಿ.ಮೀ. ಓಡಿಸಿ, ಏನು ಸಡಿಲಾಯಿತು, ಏನು ಮುರಿಯಿತು ಅಂತ ಅಂಕ ಕಳೆಯುವುದು. ಥೇಟ್ ನಮ್ಮ ಬ್ಯಾಂಕ್ ಆಡಿಟ್ಟು. ರೆನೆ ಎರ್ಸ್, ಅಲೆಕ್ಸ್ ಸಿಂಗರ್ ಮುಂತಾದವರು ಅಲ್ಲಿ ಎದ್ದು ಬಂದವರು. ಅಲ್ಯೂಮಿನಿಯಂ ತಗಡಿನ ಮಡ್ಗಾರ್ಡು ಸಮೇತ ಎಂಟು ಕಿಲೋಗಿಂತ ಕಡಿಮೆ ತೂಕದ ಗಾಡಿಗಳು ಆಗಲೇ, 1946ರ ಸುಮಾರಿಗೇ ಬಂದಿದ್ದವು! ಅಂಗಡಿಯ ಹುಡುಗ ಒಂದು ಬೆರಳಲ್ಲಿ ಎತ್ತಿ ತೋರಿಸಿದ್ದು ಎಂಟೂವರೆ, ಮಡ್ಗಾರ್ಡಿಲ್ಲದೆ.

ಹಾಗಿದ್ದರೆ ಮಡ್ಗಾರ್ಡ್ ಹಾಕಲು ತೊಡಕೇನು? ತೂಕವಲ್ಲ, ಬ್ರೇಕು. ಕೇಬಲ್ ಬ್ರೇಕು ಫ್ರೇಮಿಗೆ ಬೋಲ್ಟಿನಿಂದ ನೇತುಬಿದ್ದು ಎರಡು ತೋಳಿನಿಂದ ಟೈರನ್ನು ಅಪ್ಪಿ ರಿಮ್ಮನ್ನು ಹಿಂಡುತ್ತದೆ. ಬೋಲ್ಟಿನಿಂದ ರಬ್ಬರಿನವರೆಗಿನ ಅಳತೆಗೆ ರೀಚ್ ಅನ್ನುತ್ತಾರೆ. ಟೈರು, ಸಂದು, ಮಡ್ಗಾರ್ಡು, ಎಲ್ಲವೂ ಆ ಅಳತೆಯೊಳಗೇ ಸಂಸಾರ ಮಾಡಬೇಕು. ಆದರೆ ತೋಳು ಉದ್ದವಾದಷ್ಟೂ ಹಿಡಿತ ಸಡಿಲ, ತೋಳೇ ಬಾಗುತ್ತದೆ. ಇಕ್ಕಳ ತುದಿಯಲ್ಲಿ ಹಿಡಿದರೆ ಬಿಗಿ ಬರುವುದಿಲ್ಲವಲ್ಲ, ಹಾಗೆ. ಅದಕ್ಕೆ ಫ್ರೆಂಚರು ಕಂಡುಕೊಂಡ ಉಪಾಯ, ಎರಡು ತೋಳಿಗೂ ಬೇರೆಬೇರೆ ತಿರುಗಣಿ ಕೊಟ್ಟು, ನಡುವಿನ ಒಂದು ತಂತಿಯಿಂದ ಮೇಲಕ್ಕೆ ಎಳೆಯುವುದು. ಕ್ಲೆರ್ಮೋಂ ಫೆರಾಂ ಊರಿನ ಮಾಫಾಕ್ ಕಂಪನಿ 1950ರ ದಶಕದಲ್ಲಿ ಇಂಥ ಬ್ರೇಕು ಮಾಡಿ ಹೆಸರಾಯಿತು. ತಿರುಗಣಿಯನ್ನು ಫೋರ್ಕಿಗೇ ಬೆಸುಗೆ ಹಾಕಿದರೆ ಅದು ಕ್ಯಾಂಟಿಲಿವರ್, ಇನ್ನೂ ಹೆಚ್ಚು ಜಾಗ. ಜಪಾನಿನ ಶಿಮಾನೊ 1990ರ ಸುಮಾರಿಗೆ ಎರಡು ತಿರುಗಣಿಯ ಹೊಸ ಬದಿ-ಬ್ರೇಕನ್ನು ಎಲ್ಲೆಡೆ ಹರಡಿತು. ಬಿಗಿ ಹಿಡಿತ, ಆದರೆ ಪಂದ್ಯದ ಸೈಕಲ್ಲಿನ ರೀಚ್ 39ರಿಂದ 49 ಮಿ.ಮೀ. ಅಷ್ಟೇ. 25ರ ಟೈರು ಹಾಕಿದರೆ ಮುಗಿಯಿತು. ಅದೇ ಬ್ರೇಕಿನ ಉದ್ದ ತೋಳಿನ ತಮ್ಮ 47ರಿಂದ 57ರದು. ಅದರೊಳಗೆ 28ರ ಟೈರು, ಮೇಲೆ ಮಡ್ಗಾರ್ಡು, ನಡುವೆ ಬೆರಳಲ್ಲದಿದ್ದರೂ ಕಿರುಬೆರಳು ತೂರುವಷ್ಟು ಸಂದು. ನೋಡಿ, ವ್ಯತ್ಯಾಸ ಎಂಟು ಮಿಲಿಮೀಟರು! ಈ ಎಂಟು ಮಿಲಿಮೀಟರಿನ ಆಚೆ ಹಿಂದೆ ಗಾಡಿ ಬರುವ ಪಂದ್ಯದವನು, ಈಚೆ ಒಬ್ಬನೇ ಹೋಗಿ ಒಬ್ಬನೇ ಮನೆ ಮುಟ್ಟಬೇಕಾದ ನನ್ನಂಥವನು. ನನಗೆ ಕಾಕಾ ಕಾಕಾ ಅನ್ನುತ್ತಾ ಮಾರಿದ್ದು ಆಚೆಯವನ ಸೈಕಲ್ಲು.

ನಮ್ಮವರಲ್ಲೂ ಒಬ್ಬರೇ ಹೋಗುವವರು ಇರಲಿಲ್ಲವೆಂದಲ್ಲ. 1923ರಲ್ಲಿ ಮುಂಬೈಯ ಆರು ಪಾರ್ಸಿ ತರುಣರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭುಮ್‌ಗಾರಾ, ಈ ಮೂವರು ಸುಮಾರು 71,000 ಕಿ.ಮೀ. ತುಳಿದು 1928ರಲ್ಲಿ ವಾಪಸು ಬಂದರು. ಮರುಭೂಮಿಯಲ್ಲಿ ಯಾವ ಅಂಗಡಿಯ ಹುಡುಗ ಅವರಿಗೆ ಸಿಗುತ್ತಿದ್ದ?

2013ರಲ್ಲಿ ಆ ಸೈಕಲ್ಲನ್ನು ನಷ್ಟಕ್ಕೆ ಮಾರಿ ಉಕ್ಕಿನ ಫ್ರೇಮಿನದೊಂದು ಕೊಂಡೆ. 57ರ ಬ್ರೇಕು ಇಲ್ಲಿ ಸಿಗಲಿಲ್ಲ, ಇಂಗ್ಲೆಂಡಿನಿಂದ ಅಕ್ಕನ ಮಗ ತಂದುಕೊಟ್ಟ. ಟೈರು 28, ಅದಕ್ಕೆ ಎರಡೂ ಬದಿ ಸ್ವಲ್ಪ ಮೀರುವಂತೆ ಪ್ಲಾಸ್ಟಿಕ್ ಮಡ್ಗಾರ್ಡು. ಮುಂದಿನ ಮಡ್ಗಾರ್ಡಿನ ಕಂಬಿಗೆ ಒಂದು ಚಿಕ್ಕ ಕ್ಲಿಪ್ಪಿದೆ. ಕಡ್ಡಿಯೋ ಕಲ್ಲೋ ಟೈರಿಗೆ ಅಂಟಿ ಒಳಗೆ ಸಿಕ್ಕಿಕೊಂಡರೆ ಕಂಬಿ ತಾನೇ ಕಳಚಿಕೊಳ್ಳುತ್ತದೆ, ಗಾಲಿ ನಿಲ್ಲುವುದಿಲ್ಲ. ಸಂದು ಕಡಿಮೆಯಿರುವ ಕಡೆ ಇದು ಇಲ್ಲದೆ ಮುಂದಿನ ಮಡ್ಗಾರ್ಡ್ ಹಾಕಲೇಬಾರದು. ತುದಿಗೆ ಹೆಡ್ ಕ್ಯಾಶಿಯರರ ನೆನಪಿಗೆ ಹಳೆ ಟ್ಯೂಬಿನ ಪಟ್ಟಿ. ಕ್ಲಬ್ಬಿನ ಹುಡುಗರು "ಪೋಸ್ಟ್‌ಮನ್ ಬಂದರು" ಅಂತ ನಕ್ಕರು. ಆ ಮಳೆಗಾಲದಲ್ಲಿ 300 ಮುಗಿಸಿದೆ, ಮುಂದಿನ ವರ್ಷ 400. ಬ್ರೇಕ್ ರಬ್ಬರು ಒಂದು ಮಳೆಗಾಲ ಪೂರ್ತಿ ಬಂತು.

2014ರ ಡಿಸೆಂಬರಿನಲ್ಲಿ ಊರಿಗೆ ಹೊರಟೆ. ಕೊಲ್ಲಾಪುರದಲ್ಲಿ ಒಂದು ರಾತ್ರಿ, ಧಾರವಾಡದಲ್ಲಿ ಇನ್ನೊಂದು. ನಿಪ್ಪಾಣಿ ದಾಟಿ ಕನ್ನಡ ಬೋರ್ಡು ಕಂಡಾಗ ಇಳಿದು ಸುಮ್ಮನೆ ಐದು ನಿಮಿಷ ನಿಂತಿದ್ದೆ. ಮೂರನೆಯ ದಿನ ಮಧ್ಯಾಹ್ನ ಮನೆ ಮುಂದೆ ಇಳಿದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಎಂಬತ್ನಾಲ್ಕು ವಯಸ್ಸು, ಕಣ್ಣು ಮಂಜು.

"ಎಷ್ಟು ಕೊಟ್ಟಿ?" ಅದು ಮೊದಲ ಪ್ರಶ್ನೆ.

"ಹದಿನೈದು ಸಾವಿರ ಅಪ್ಪಾ." ನಿಜದ ಬೆಲೆಯ ಕಾಲು ಭಾಗವೂ ಅಲ್ಲ. ಅದಕ್ಕೂ ಅವರು ಹೌಹಾರಿದರು. ಆಮೇಲೆ ಗೋಡೆ ಹಿಡಿದು ಎದ್ದು ಬಂದು, ಮುಂದಿನ ಗಾಲಿಯ ಮೇಲೆ ಕೈಯಾಡಿಸಿದರು. "ಮಡ್ಗಾಡ್ ಐತಿ" ಅಂದರು. ಟೈರಿಗೂ ಮಡ್ಗಾರ್ಡಿಗೂ ನಡುವೆ ತೋರುಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಕಿರುಬೆರಳು ತೂರಿಸಿದರು. ಹೋಯಿತು.

"ಪುಣೆಕ್ಕ ಸಾಕು. ನಮ್ಮ ಎರಿ ಮಣ್ಣಿಗೆ ಸಾಲಂಗಿಲ್ಲ. ಮಳಿ ಹತ್ತಿದ ಮ್ಯಾಲೆ ಇಲ್ಲಿಗೆ ತರಬ್ಯಾಡ." ಅಷ್ಟು ಹೇಳಿ ಒಳಗೆ ಚಹಾ ಇಡಲು ಕೂಗಿದರು. ಪುಣೆಯಿಂದ ಅಷ್ಟು ದೂರ ಬಂದದ್ದರ ಬಗ್ಗೆ ಒಂದು ಮಾತೂ ಇಲ್ಲ! 2017ರಲ್ಲಿ ಅಪ್ಪ ಹೋದರು. ಹರ್ಕ್ಯುಲಿಸ್ ಇನ್ನೂ ದನದ ಕೊಟ್ಟಿಗೆಯಲ್ಲಿದೆ, ಮಡ್ಗಾರ್ಡುಗಳು ಅಟ್ಟದ ಮೇಲೆ. ಕೊನೆಯ ಸಲ ಬಿಚ್ಚಿದ ಮೇಲೆ ಯಾರೂ ಹಾಕಿಲ್ಲ.

ಈಚೆಗೆ ಪಂದ್ಯದವರೂ ನಮ್ಮ ದಾರಿಗೆ ಬರುತ್ತಿದ್ದಾರೆ. ಮೋಟಾರ್ ಸೈಕಲ್ಲಿನ ಹಾಗೆ ಗಾಲಿಯ ನಡುವೆ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಅಂತಾರಾಷ್ಟ್ರೀಯ ಸೈಕಲ್ ಸಂಸ್ಥೆ ಪ್ರಯೋಗಕ್ಕೆ ಬಿಟ್ಟು, 2016ರಲ್ಲಿ ಪ್ಯಾರಿಸ್–ರೂಬೆ ಪಂದ್ಯದ ಅಪಘಾತದ ನಂತರ ನಿಲ್ಲಿಸಿ, ಕೊನೆಗೆ 2018ರಲ್ಲಿ ಪೂರ್ತಿ ಅನುಮತಿ ಕೊಟ್ಟಿತು. ಬ್ರೇಕು ರಿಮ್ಮು ಬಿಟ್ಟು ಕೆಳಗಿಳಿದ ಮೇಲೆ ಟೈರಿನ ಮೇಲೆ ತೋಳುಗಳೇ ಇಲ್ಲ, ಸಂದು ಎಷ್ಟು ಬೇಕೋ ಅಷ್ಟು. ಮೃದುವಾದ ಅಗಲ ಟೈರು ತೆಳು ಟೈರಿಗಿಂತ ನಿಧಾನವಲ್ಲ ಅಂತ ಅಮೆರಿಕದ ಯಾನ್ ಹೈನೆ 2000ರ ದಶಕದಲ್ಲೇ ಓಡಿಸಿ ಅಳೆದು ತನ್ನ ಪತ್ರಿಕೆಯಲ್ಲಿ ಬರೆದಿದ್ದ. ಆಗ ನಕ್ಕವರು ಈಗ 28, 30ರ ಟೈರಿನಲ್ಲಿ ಪಂದ್ಯ ಓಡುತ್ತಾರೆ. ಮಳೆಯಲ್ಲಿ ಡಿಸ್ಕ್ ಬ್ರೇಕಿನ ಹಿಡಿತವೂ ನಿಜಕ್ಕೂ ಒಳ್ಳೆಯದು, ರಿಮ್ಮು ಸವೆಯುವುದಿಲ್ಲ. ನಾನಿನ್ನೂ ಬದಲಿಸಿಲ್ಲ. ಎಣ್ಣೆಯ ಡಿಸ್ಕ್ ಬ್ರೇಕು ಸಂಕೇಶ್ವರದ ಹತ್ತಿರ ಕೈಕೊಟ್ಟರೆ ಸರಿ ಮಾಡುವವರು ಯಾರು? ರಬ್ಬರಾದರೆ ಜೇಬಿನಲ್ಲಿ ಎರಡು ಜೊತೆ ಇಟ್ಟುಕೊಂಡರಾಯಿತು.

ಕಳೆದ ಮಳೆಗಾಲದಲ್ಲಿ ಮಗ ಬೆಂಗಳೂರಿನಿಂದ ಬಂದ, ಹೊಸ ಡಿಸ್ಕ್ ಬ್ರೇಕಿನ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು. ಅವನಿಗೂ ಬ್ರೆವೆ ಹುಚ್ಚು ಹತ್ತಿದೆ. "ನೋಡ್ರಿ ಅಪ್ಪಾ" ಅಂತ ಗಾಡಿ ಇಳಿಸಿದ. ಬೆಲೆ ಕೇಳಿದೆ. ಹೇಳಿದ. ಅವನೂ ಕಾಲು ಭಾಗವೇ ಹೇಳಿರಬೇಕು. ಬಗ್ಗಿ ಮುಂದಿನ ಗಾಲಿಯ ಮೇಲೆ ತೋರುಬೆರಳು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಮಡ್ಗಾರ್ಡ್ ಬಿಗಿಯಲಿಕ್ಕೆ ತೂತು ಎಲ್ಲಿದೆ ಅಂತ ಹುಡುಕಿದೆ. ಮುಂದೆಯೂ ಇರಲಿಲ್ಲ, ಹಿಂದೆಯೂ ಇರಲಿಲ್ಲ.